ಕಂಪೆನಿ ಕೈಬಿಟ್ಟ ಪೆಟ್ಟಿಗೆಗೆ ಲಿನಕ್ಸ್ ಆಸರೆ

ನಂಜನಗೂಡಿನ ಶ್ರೀಕಂಠೇಶ್ವರಸ್ವಾಮಿಯ ದೊಡ್ಡ ಜಾತ್ರೆಯಂದು ಗಣಪತಿ, ಚಂಡಿಕೇಶ್ವರ, ಸುಬ್ರಹ್ಮಣ್ಯ, ಪಾರ್ವತಿಯರ ರಥಗಳೊಡನೆ ಸ್ವಾಮಿಯ ಗೌತಮ ರಥವು ರಥಬೀದಿಯಲ್ಲಿ ಸಾಗುವುದನ್ನು ಕಾಣಲು ಲಕ್ಷಾಂತರ ಮಂದಿ ನೆರೆಯುತ್ತಾರೆ. ಬರಲಾಗದವರಿಗೆ ಸ್ಥಳೀಯ ಕೇಬಲ್ ವಾಹಿನಿಯೇ ಗತಿ. ಅದು ಊರಿನ ಕೇಬಲ್ ತಂತಿಯ ಆಚೆಗೆ ಹೋಗುವುದಿಲ್ಲ. ದೊಡ್ಡ ವಾಹಿನಿಗಳೆಲ್ಲ ಇಂದು ಮೊಬೈಲ್ ಆ್ಯಪ್‌ಗಳಲ್ಲಿ ಲಭ್ಯವಿರಬಹುದು. ಆದರೆ ತಿರುಮಕೂಡಲು ನರಸೀಪುರದ ಬೀದಿಯ ಮೆರವಣಿಗೆಯನ್ನೋ ನಂಜನಗೂಡಿನ ಶಾಲಾ ವಾರ್ಷಿಕೋತ್ಸವವನ್ನೋ ತೋರಿಸುವ ಕೇಬಲ್ ವಾಹಿನಿ ನ್ಯೂಜೆರ್ಸಿಯಲ್ಲಿ ನೆಲೆಸಿದ ಮಗನಿಗೆ ಸುಲಭವಾಗಿ ಸಿಗುವುದಿಲ್ಲ. ಅಂಥವರಲ್ಲಿ ಕೆಲವರು ಒಂದು ಕಾಲದಲ್ಲಿ ಕಂಡುಕೊಂಡ ಉಪಾಯವೇ 'ಸ್ಲಿಂಗ್‌ಬಾಕ್ಸ್' ಎಂಬ ಪೆಟ್ಟಿಗೆ.

ಊರಿನ ಮನೆಯ ಸೆಟ್‌ಟಾಪ್ ಬಾಕ್ಸ್‌ಗೆ ಅದನ್ನು ಜೋಡಿಸಿ, ಅಂತರ್ಜಾಲದ ತಂತಿ ಸಿಕ್ಕಿಸಿಟ್ಟರೆ ಆಯಿತು. ಮನೆಯ ಟಿವಿಯಲ್ಲಿ ಬರುವುದೆಲ್ಲ ಜಗತ್ತಿನ ಯಾವ ಮೂಲೆಯ ಗಣಕಯಂತ್ರದಲ್ಲಾದರೂ ಬರುತ್ತಿತ್ತು. ವಾಹಿನಿ ಬದಲಿಸುವ ಕೆಲಸವನ್ನೂ ದೂರದಿಂದಲೇ ಮಾಡಬಹುದಿತ್ತು. 2022ರ ನವೆಂಬರ್ 9ರಂದು ತಯಾರಕ ಸಂಸ್ಥೆ ತನ್ನ ಸರ್ವರ್‌ಗಳನ್ನು ನಿಲ್ಲಿಸಿತು. ಅಂದಿನಿಂದ ಆ ಪೆಟ್ಟಿಗೆಗಳು ಶೋಕೇಸಿನ ಮೇಲೆ ಧೂಳು ಹಿಡಿಯುತ್ತಿವೆ. ಒಳಗಿನ ಬಿಡಿಭಾಗಗಳಲ್ಲಿ ಯಾವ ದೋಷವೂ ಇಲ್ಲ. ವಿದ್ಯುತ್ ಕೊಟ್ಟರೆ ದೀಪವೂ ಹೊತ್ತಿಕೊಳ್ಳುತ್ತದೆ.

ಹೀಗೆ ಜೀವವಿದ್ದೂ ಮೂಕವಾದ ಯಂತ್ರಾಂಶವನ್ನು ಲಿನಕ್ಸ್ ಎಂಬ ಮುಕ್ತ ಕಾರ್ಯಾಚರಣ ವ್ಯವಸ್ಥೆಯ ನೆರವಿನಿಂದ ಮತ್ತೆ ದುಡಿಸಿಕೊಳ್ಳಬಹುದೇ? ಅದು ಸಾಧ್ಯವಾಗದಿದ್ದರೆ ಅದೇ ಕೆಲಸವನ್ನು ಬೇರೆ ಸಲಕರಣೆಯಿಂದ ಮಾಡಬಹುದೇ? ಎರಡಕ್ಕೂ ಉತ್ತರ ಹೌದು. ಮೊದಲನೆಯದಕ್ಕೆ ಮಾತ್ರ ಒಂದು ಷರತ್ತು ಉಂಟು.

ಬೇಸ್‌ಬಾಲ್ ನೋಡುವ ಹಂಬಲದಿಂದ

ಕ್ಯಾಲಿಫೋರ್ನಿಯಾದ ಕ್ರಿಕೋರಿಯನ್ ಸಹೋದರರಿಗೆ ಪ್ರವಾಸದಲ್ಲಿರುವಾಗ ತಮ್ಮೂರಿನ ಬೇಸ್‌ಬಾಲ್ ತಂಡದ ಪಂದ್ಯಗಳನ್ನು ನೋಡಲಾಗುತ್ತಿರಲಿಲ್ಲ. ಆ ಹಂಬಲದಿಂದ ಹುಟ್ಟಿದ ಪೆಟ್ಟಿಗೆ 2005ರಲ್ಲಿ ಮಾರುಕಟ್ಟೆಗೆ ಬಂದಿತು. 2007ರಲ್ಲಿ ಎಕೋಸ್ಟಾರ್ ಸಂಸ್ಥೆ ಅವರ ಸ್ಲಿಂಗ್ ಮೀಡಿಯಾವನ್ನು ಕೊಂಡಿತು. ಆ ಸಂಸ್ಥೆಯ ಅಭಿವೃದ್ಧಿ ಕೇಂದ್ರವೊಂದು ನಮ್ಮ ಬೆಂಗಳೂರಿನಲ್ಲಿಯೇ ಇತ್ತೆಂಬುದು ಅನೇಕರಿಗೆ ತಿಳಿದಿರಲಾರದು.

ಪೆಟ್ಟಿಗೆಯ ಕೆಲಸ ತತ್ತ್ವತಃ ಸರಳ. ಸೆಟ್‌ಟಾಪ್ ಬಾಕ್ಸ್‌ನ ಹಿಂದಿರುವ ಹಳದಿ, ಕೆಂಪು, ಬಿಳಿ ರಂಧ್ರಗಳಿಂದ ಹೊರಬರುವ ಚಿತ್ರ ಮತ್ತು ಧ್ವನಿಯನ್ನು ಅದು ಅಂಕೀಯ ರೂಪಕ್ಕೆ ತಿರುಗಿಸುತ್ತದೆ. ನಮ್ಮ ದೇಶದ ಪಾಲ್ ಪದ್ಧತಿಯಲ್ಲಿ ಒಂದು ಚೌಕಟ್ಟಿಗೆ 720 ಅಡ್ಡ, 576 ಲಂಬ ಚುಕ್ಕೆಗಳು; ಸೆಕೆಂಡಿಗೆ ಇಂತಹ 25 ಚೌಕಟ್ಟುಗಳು. ಇದನ್ನು ಇದ್ದಂತೆಯೇ ಕಳುಹಿಸುವುದಾದರೆ ಸೆಕೆಂಡಿಗೆ ಸುಮಾರು 166 ಮೆಗಾಬಿಟ್ ಬೇಕು. ಬಿಎಸ್‌ಎನ್‌ಎಲ್‌ನ ಆ ಕಾಲದ ಎಡಿಎಸ್‌ಎಲ್ ಸಂಪರ್ಕದಲ್ಲಿ ಇಳಿಕೆಗೆ ಇದ್ದ ವೇಗ ಏರಿಕೆಗೆ ಇರುತ್ತಿರಲಿಲ್ಲ; ಮನೆಯಿಂದ ಹೊರಗೆ ಒಂದು ಮೆಗಾಬಿಟ್ ಹೋದರೆ ಅದೇ ಹೆಚ್ಚು. ಆದುದರಿಂದ ಪೆಟ್ಟಿಗೆಯೊಳಗಿನ ಚಿಪ್ ಆ ಪ್ರವಾಹವನ್ನು ನೂರು ಪಟ್ಟಿಗೂ ಮಿಗಿಲಾಗಿ ಕುಗ್ಗಿಸಿ ಕಳುಹಿಸುತ್ತಿತ್ತು. ಸೆಟ್‌ಟಾಪ್ ಬಾಕ್ಸ್‌ನ ಮುಂದೆ ಅಂಟಿಸಿದ ಸಣ್ಣ ಅವಗೆಂಪು ದೀಪವೊಂದು ರಿಮೋಟಿನ ಗುಂಡಿಗಳನ್ನು ಅನುಕರಿಸುತ್ತಿತ್ತು.

ತೊಡಕು ಇದ್ದುದು ಇನ್ನೊಂದು ತುದಿಯಲ್ಲಿ. ಈ ಪ್ರವಾಹವನ್ನು ನೋಡಲು 'ಸ್ಲಿಂಗ್‌ಪ್ಲೇಯರ್' ಎಂಬ ತಂತ್ರಾಂಶವೇ ಬೇಕಾಗಿತ್ತು. ಅದು ವಿಂಡೋಸ್‌ಗೆ ಬಂತು, ಮ್ಯಾಕ್‌ಗೆ ಬಂತು, ಮೊಬೈಲ್‌ಗಳಿಗೂ ಬಂತು. ಲಿನಕ್ಸ್ ಗಣಕಯಂತ್ರಗಳಿಗೆ ಮಾತ್ರ ಅಧಿಕೃತವಾಗಿ ಬರಲೇ ಇಲ್ಲ. ವಿಂಡೋಸ್ ತಂತ್ರಾಂಶಗಳನ್ನು ಲಿನಕ್ಸ್‌ನಲ್ಲಿ ಓಡಿಸುವ 'ವೈನ್' ಎಂಬ ಸಾಧನದ ಮೂಲಕ ಕೆಲವರು ಹೇಗೋ ನಿಭಾಯಿಸಿದರು. ಚಿತ್ರ ಬಂದರೆ ಧ್ವನಿಯಿಲ್ಲ, ಧ್ವನಿ ಬಂದರೆ ಚಿತ್ರವಿಲ್ಲ ಎಂಬ ಪಾಡು.

ಇದಕ್ಕೆ ಕಾರಣ ಲಿನಕ್ಸ್‌ನ ಅಸಾಮರ್ಥ್ಯವಲ್ಲ. ಪೆಟ್ಟಿಗೆಯೂ ತಂತ್ರಾಂಶವೂ ಯಾವ ಭಾಷೆಯಲ್ಲಿ ಮಾತಾಡಿಕೊಳ್ಳುತ್ತವೆ ಎಂಬುದನ್ನು ಕಂಪೆನಿ ಪ್ರಕಟಿಸಿರಲಿಲ್ಲ. ಮನೆ ನಮ್ಮ ಹೆಸರಿಗೆ ನೋಂದಣಿಯಾಗಿದ್ದರೂ ಬೀಗದ ಕೈ ಮಾರಿದವನ ಜೇಬಿನಲ್ಲೇ ಉಳಿದಂತೆ. ವಿಚಿತ್ರವೆಂದರೆ, ಇಂದಿನ ಆಂಡ್ರಾಯ್ಡ್ ಟಿವಿ ಪೆಟ್ಟಿಗೆಗಳೂ ಸೇರಿದಂತೆ ಇಂತಹ ಬಹಳಷ್ಟು ಸಾಧನಗಳ ಒಳಗೆ ದುಡಿಯುತ್ತಿರುವುದು ಲಿನಕ್ಸ್ ತಿರುಳೇ. ಒಳಗೆ ಲಿನಕ್ಸ್ ಕೂಲಿ ಮಾಡುತ್ತದೆ, ಹೊರಗಿನ ಲಿನಕ್ಸ್ ಬಳಕೆದಾರನಿಗೆ ಬಾಗಿಲು ತೆರೆಯುವುದಿಲ್ಲ.

ಸರ್ವರ್ ನಿಂತಾಗ

ಪ್ರತಿ ಸ್ಲಿಂಗ್‌ಬಾಕ್ಸ್‌ಗೂ ಒಂದು ಗುರುತಿನ ಸಂಖ್ಯೆ. ಮನೆಯ ಅಂತರ್ಜಾಲ ವಿಳಾಸ ಬದಲಾಗುತ್ತಲೇ ಇರುವುದರಿಂದ ಪೆಟ್ಟಿಗೆ ತನ್ನ ಇಂದಿನ ವಿಳಾಸವನ್ನು ಕಂಪೆನಿಯ ಸರ್ವರ್‌ಗೆ ತಿಳಿಸುತ್ತಿತ್ತು. ದೂರದ ತಂತ್ರಾಂಶ ಅಲ್ಲಿ ವಿಚಾರಿಸಿಕೊಂಡು ಮನೆ ಹುಡುಕುತ್ತಿತ್ತು. ವಿಳಾಸ ಹೇಳುವುದಷ್ಟೇ ಆ ಸರ್ವರ್‌ನ ಕೆಲಸವಾಗಿದ್ದರೆ ಅದು ನಿಂತರೂ ಬದಲಿ ವ್ಯವಸ್ಥೆ ಮಾಡಿಕೊಳ್ಳಬಹುದಿತ್ತು. ಆದರೆ ಖಾತೆಯ ಪ್ರವೇಶ, ಪೆಟ್ಟಿಗೆಯ ಗುಪ್ತಪದ ಎಲ್ಲವೂ ಅಲ್ಲಿಯೇ ಇದ್ದವು. ಆದ್ದರಿಂದ ಸರ್ವರ್ ಮುಚ್ಚಿದ ದಿನ ಪಕ್ಕದ ಕೋಣೆಯಲ್ಲಿ ಕುಳಿತವನಿಗೂ ಅಧಿಕೃತ ತಂತ್ರಾಂಶದಿಂದ ತನ್ನದೇ ಪೆಟ್ಟಿಗೆಯನ್ನು ನೋಡಲಾಗದಂತಾಯಿತು. ಸಂಸ್ಥೆ ಇದನ್ನು ಎರಡು ವರ್ಷ ಮೊದಲೇ, 2020ರ ನವೆಂಬರ್ 9ರಂದು, ಪ್ರಕಟಿಸಿತ್ತೆಂಬುದನ್ನೂ ನ್ಯಾಯವಾಗಿ ಹೇಳಬೇಕು.

ಇದು ಒಂದು ಪೆಟ್ಟಿಗೆಯ ಕಥೆಯಷ್ಟೇ ಅಲ್ಲ. 2025ರ ಮಾರ್ಚ್‌ನಲ್ಲಿ ಗೂಗಲ್‌ನ ಎರಡನೆಯ ತಲೆಮಾರಿನ ಕ್ರೋಮ್‌ಕಾಸ್ಟ್ ಸಾಧನಗಳು ಜಗತ್ತಿನಾದ್ಯಂತ ಒಂದೇ ದಿನ ಸ್ತಬ್ಧವಾದವು. ಸಾಧನ ಅಸಲಿಯೇ ಎಂದು ದೃಢಪಡಿಸುವ ಅಂಕೀಯ ಪ್ರಮಾಣಪತ್ರವೊಂದರ ಅವಧಿ ಮುಗಿದುದೇ ಕಾರಣ. ಗೂಗಲ್ ಕೆಲವೇ ದಿನಗಳಲ್ಲಿ ಸರಿಪಡಿಸಿತು. ಸರಿಪಡಿಸದಿದ್ದಲ್ಲಿ ಬಳಕೆದಾರ ಮಾಡಬಹುದಾದದ್ದು ಬಹಳ ಇರಲಿಲ್ಲ.

ಸ್ಲಿಂಗ್‌ಬಾಕ್ಸ್ ಮುಚ್ಚುವ ಸುದ್ದಿ ಬಂದ ಮೇಲೆ ಹವ್ಯಾಸಿಗಳು ಸುಮ್ಮನೆ ಕೂರಲಿಲ್ಲ. ಪೆಟ್ಟಿಗೆಯ ಮಾತನ್ನು ಆಲಿಸಿ, ಅರ್ಥೈಸಿ, 'ಸ್ಲಿಂಗರ್' ಎಂಬ ಪುಟ್ಟ ತಂತ್ರಾಂಶವನ್ನು ಪೈಥಾನ್ ಭಾಷೆಯಲ್ಲಿ ರಚಿಸಿದರು. ಲಿನಕ್ಸ್ ಓಡುವ ಹಳೆಯ ಲ್ಯಾಪ್‌ಟಾಪ್ ಅಥವಾ ಅಂಗೈಯಗಲದ ರಾಸ್‌ಬೆರಿ ಪೈ ಗಣಕದಲ್ಲಿ ಇದನ್ನಿರಿಸಿ ಮನೆಯ ಜಾಲಕ್ಕೆ ಜೋಡಿಸಬೇಕು. ಅದು ಕಂಪೆನಿಯ ತಂತ್ರಾಂಶದಂತೆ ಪೆಟ್ಟಿಗೆಯೊಡನೆ ಮಾತಾಡಿ, ಬಂದ ಪ್ರವಾಹವನ್ನು ಸಾಮಾನ್ಯ ಜಾಲವಿಳಾಸದ ರೂಪದಲ್ಲಿ ಕೊಡುತ್ತದೆ. ವಿಎಲ್‌ಸಿ ಎಂಬ ಎಲ್ಲರಿಗೂ ಪರಿಚಿತ ಪ್ಲೇಯರ್‌ನಲ್ಲಿ ಆ ವಿಳಾಸ ತೆರೆದರೆ ಚಿತ್ರ ಮೂಡುತ್ತದೆ. ರಿಮೋಟಿನ ಗುಂಡಿಗಳು ಬ್ರೌಸರ್‌ನ ಪುಟದಲ್ಲಿ ಕಾಣುತ್ತವೆ.

ಮೇಲೆ ಹೇಳಿದ ಷರತ್ತು ಇಲ್ಲಿದೆ. ಸ್ಲಿಂಗರ್‌ಗೆ ಪೆಟ್ಟಿಗೆಯ ಆಡಳಿತ ಗುಪ್ತಪದ ಬೇಕು. ಅದನ್ನು ಸರ್ವರ್ ಮುಚ್ಚುವ ಮೊದಲು ಕಂಪೆನಿಯ ಖಾತೆಯ ಮೂಲಕ ಪಡೆದು ಬರೆದಿಟ್ಟುಕೊಂಡಿರಬೇಕಾಗಿತ್ತು. ಅಂಥ ಚೀಟಿ ಕೈಯಲ್ಲಿದ್ದವರು ಅದೃಷ್ಟವಂತರು. ಇಲ್ಲದವರು ಪೆಟ್ಟಿಗೆಗಾಗಿ ಕಾಲ ಕಳೆಯುವುದಕ್ಕಿಂತ ಮುಂದಿನ ಭಾಗವನ್ನು ಓದುವುದು ಲೇಸು. ಚೀಟಿ ಇದ್ದವರೂ ಎರಡು ವಿಷಯ ಪರೀಕ್ಷಿಸಬೇಕು: ಅಮೆರಿಕದಲ್ಲಿ ಕೊಂಡ ಪೆಟ್ಟಿಗೆಯ ಅಡಾಪ್ಟರ್ ನಮ್ಮ 230 ವೋಲ್ಟ್ ತಾಳುತ್ತದೆಯೇ, ಮತ್ತು ಪೆಟ್ಟಿಗೆ ಅಮೆರಿಕದ ಎನ್‌ಟಿಎಸ್‌ಸಿ ಪದ್ಧತಿಯ ಜೊತೆಗೆ ಪಾಲ್ ಪದ್ಧತಿಯನ್ನೂ ಒಪ್ಪುತ್ತದೆಯೇ ಎಂಬುದು.

ಪೆಟ್ಟಿಗೆಯಿಲ್ಲದೆ ಪೆಟ್ಟಿಗೆಯ ಕೆಲಸ

ಕೇಬಲ್ ಪ್ರಸಾರ ಹಳೆಯ ಪದ್ಧತಿಯಲ್ಲಿದ್ದಾಗ ಗಣಕಯಂತ್ರಕ್ಕೆ ಟಿವಿ ಟ್ಯೂನರ್ ಕಾರ್ಡ್ ಹಾಕಿ ಕೇಬಲ್ ತಂತಿಯನ್ನು ನೇರವಾಗಿ ಸಿಕ್ಕಿಸಬಹುದಾಗಿತ್ತು. ಬ್ರೂಕ್‌ಟ್ರೀ ಚಿಪ್ ಇದ್ದ ಅಂತಹ ಕಾರ್ಡ್‌ಗಳಿಗೆ ಲಿನಕ್ಸ್‌ನಲ್ಲಿ ಉತ್ತಮ ಚಾಲಕ ತಂತ್ರಾಂಶವಿತ್ತು. 2012ರಿಂದ 2017ರವರೆಗೆ ಹಂತ ಹಂತವಾಗಿ ದೇಶದ ಕೇಬಲ್ ಪ್ರಸಾರವೆಲ್ಲ ಅಂಕೀಯವಾಗಿ ಬದಲಾಯಿತು. ಈಗ ತಂತಿಯಲ್ಲಿ ಬರುವ ಸಂಕೇತಕ್ಕೆ ಬೀಗ ಇರುತ್ತದೆ. ಅದನ್ನು ತೆರೆಯುವುದು ಕೇಬಲ್‌ನವರು ಕೊಟ್ಟ ಸೆಟ್‌ಟಾಪ್ ಬಾಕ್ಸ್ ಮಾತ್ರ. ಆದುದರಿಂದ ನಾವು ಹಿಡಿಯಬಹುದಾದದ್ದು ಆ ಬಾಕ್ಸ್‌ನಿಂದ ಹೊರಬಂದ ಚಿತ್ರವನ್ನು.

ಇದಕ್ಕೆ ಬೇಕಾದ ಸಲಕರಣೆ ಅಗ್ಗ. 'ಈಸಿಕ್ಯಾಪ್' ಎಂಬ ಹೆಸರಿನಲ್ಲಿ ಮಾರಾಟವಾಗುವ ಯುಎಸ್‌ಬಿ ಕಡ್ಡಿಗೆ ಹಳದಿ, ಕೆಂಪು, ಬಿಳಿ ತಂತಿಗಳನ್ನು ಸಿಕ್ಕಿಸಿದರೆ ಗಣಕಕ್ಕೆ ಚಿತ್ರ ಸಿಗುತ್ತದೆ. ಆದರೆ ಹೊರಗಿನ ಕವಚ ಒಂದೇ, ಒಳಗಿನ ಚಿಪ್ ಬೇರೆ ಬೇರೆ. ಒಂದರಲ್ಲಿ ಎಸ್‌ಟಿಕೆ1160 ಚಿಪ್. ಇದರ ಚಾಲಕ ತಂತ್ರಾಂಶ 2012ರಿಂದ ಲಿನಕ್ಸ್ ತಿರುಳಿನಲ್ಲೇ ಸೇರಿದೆ. ಇನ್ನೊಂದರಲ್ಲಿ ಯುಟಿವಿ007, ಅದರದು 2013ರಲ್ಲಿ ಬಂತು. ಮೂರನೆಯ ಬಗೆಯ ಸೋಮ್ಯಾಜಿಕ್ ಚಿಪ್‌ಗೆ ಲಿನಕ್ಸ್ ತಿರುಳಿನಲ್ಲಿ ಚಾಲಕವಿಲ್ಲ. ಅಂಗಡಿಯವನಿಗೆ ಈ ಭೇದ ತಿಳಿದಿರುವುದಿಲ್ಲ, ಡಬ್ಬಿಯ ಮೇಲೂ ಬರೆದಿರುವುದಿಲ್ಲ. ಲಿನಕ್ಸ್ ಇರುವ ಲ್ಯಾಪ್‌ಟಾಪ್ ಒಯ್ದು, ಕಡ್ಡಿ ಸಿಕ್ಕಿಸಿ, 'ಎಲ್‌ಎಸ್‌ಯುಎಸ್‌ಬಿ' ಎಂಬ ಆಜ್ಞೆ ಕೊಟ್ಟರೆ ಒಳಗಿನ ಚಿಪ್‌ನ ಗುರುತು ತೆರೆಯ ಮೇಲೆ ಬರುತ್ತದೆ. ಅಂಗಡಿಯಲ್ಲೇ ನೋಡಿಕೊಂಡು ಕೊಳ್ಳುವುದಕ್ಕೆ ಸಂಕೋಚಪಡಬೇಕಾಗಿಲ್ಲ. ತೆಂಗಿನಕಾಯಿಯನ್ನು ಅಲುಗಿಸಿ ನೋಡದೆ ಯಾರು ಕೊಳ್ಳುತ್ತಾರೆ?

ಎಚ್‌ಡಿಎಂಐ ತಂತಿಯಿಂದ ಚಿತ್ರ ಹಿಡಿಯುವ ಕಡ್ಡಿಗಳೂ ಇವೆ. ಇವುಗಳಲ್ಲಿ ಬಹುಪಾಲು 'ಯುವಿಸಿ' ಎಂಬ ಸಾರ್ವತ್ರಿಕ ನಿಯಮಾವಳಿಯನ್ನು ಪಾಲಿಸುತ್ತವೆ. ವೆಬ್ ಕ್ಯಾಮೆರಾಗಳ ಭಾಷೆಯೂ ಇದೇ. 2008ರಿಂದ ಲಿನಕ್ಸ್ ತಿರುಳಿಗೆ ಈ ಭಾಷೆ ಬರುತ್ತದೆಯಾದ್ದರಿಂದ ಯಾವ ಚಾಲಕವನ್ನೂ ಹಾಕುವ ಅಗತ್ಯವಿಲ್ಲ. ಸಿಕ್ಕಿಸಿದೊಡನೆ ಸಾಧನ ಕಾಣಿಸಿಕೊಳ್ಳುತ್ತದೆ. ಒಂದು ಕಂಪೆನಿ ಮುಚ್ಚಿದರೂ ನಾಳೆ ಕೆಲಸ ನಿಲ್ಲದಿರಬೇಕಾದರೆ ಇಂತಹ ಸಾರ್ವತ್ರಿಕ ಭಾಷೆಯಾಡುವ ಸಾಧನವನ್ನೇ ಕೊಳ್ಳಬೇಕೆಂದು ಈ ಲೇಖಕನ ಅಭಿಪ್ರಾಯ, ಅದು ನೂರಿನ್ನೂರು ರೂಪಾಯಿ ಹೆಚ್ಚಾದರೂ ಸರಿ. ಆದರೆ ಎಚ್‌ಡಿಎಂಐಯಲ್ಲಿ 'ಎಚ್‌ಡಿಸಿಪಿ' ಎಂಬ ರಕ್ಷಣಾ ಬೀಗವಿರುತ್ತದೆ. ಬೀಗ ಬಿದ್ದ ವಾಹಿನಿಯನ್ನು ಹಿಡಿಯಹೊರಟರೆ ಕಪ್ಪು ತೆರೆ ಮಾತ್ರ ಕಂಡೀತು. ಹಳದಿ ತಂತಿಗೆ ಈ ತಾಪತ್ರಯವಿಲ್ಲ. ಸ್ಲಿಂಗ್‌ಬಾಕ್ಸ್‌ನವರು ಹಳೆಯ ತಂತಿಗಳನ್ನೇ ನೆಚ್ಚಿಕೊಂಡುದು ಸುಮ್ಮನೆ ಅಲ್ಲ.

ಹಿಡಿದ ಚಿತ್ರವನ್ನು ಕುಗ್ಗಿಸಿ ಕಳುಹಿಸುವ ಹೊಣೆ 'ಎಫ್‌ಎಫ್‌ಎಂಪೆಗ್' ಎಂಬ ಮುಕ್ತ ತಂತ್ರಾಂಶದ್ದು. ಹತ್ತು ವರ್ಷ ಹಳೆಯ ಲ್ಯಾಪ್‌ಟಾಪ್ ಕೂಡ ಪಾಲ್ ಅಳತೆಯ ಚಿತ್ರವನ್ನು ಎಚ್.264 ಪದ್ಧತಿಗೆ ಸುಲಭವಾಗಿ ಕುಗ್ಗಿಸುತ್ತದೆ. ಮೊದಲ ಸಲ ಮಾಡುವವರಿಗೆ ಮೂರು ಕಡೆ ಎಡವಟ್ಟಾಗುವುದುಂಟು. ಚಿತ್ರ ಕಪ್ಪು-ಬಿಳುಪಾಗಿ ಉರುಳುತ್ತಿದ್ದರೆ ಕಡ್ಡಿಯು ಎನ್‌ಟಿಎಸ್‌ಸಿ ಎಂದು ಭಾವಿಸಿಕೊಂಡಿದೆ. ಅದನ್ನು ಪಾಲ್ ಎಂದು ನಿಗದಿಪಡಿಸಬೇಕು. ಧ್ವನಿ ಬಾರದಿದ್ದರೆ ಗಾಬರಿ ಬೇಡ. ಧ್ವನಿಯನ್ನು ಲಿನಕ್ಸ್ ಪ್ರತ್ಯೇಕ ಸಾಧನವಾಗಿ ಪರಿಗಣಿಸುತ್ತದೆ, ಅದನ್ನು ಬೇರೆಯಾಗಿಯೇ ಹೆಸರಿಸಬೇಕು. ಇನ್ನು ರಥದ ಚಕ್ರದ ಅಂಚು ಬಾಚಣಿಗೆಯ ಹಲ್ಲಿನಂತೆ ಕಂಡರೆ ಅದು ಹಳೆಯ ಟಿವಿ ಪದ್ಧತಿಯ ಗುಣ: ಒಂದು ಚೌಕಟ್ಟಿನ ಬೆಸ ಗೆರೆಗಳೂ ಸಮ ಗೆರೆಗಳೂ ಬೇರೆ ಬೇರೆ ಕ್ಷಣದಲ್ಲಿ ತೆಗೆದವು. ಚಲಿಸದ ಗೋಪುರದಲ್ಲಿ ಇದು ಕಾಣದು, ಚಲಿಸುವ ರಥದಲ್ಲಿ ಕಣ್ಣಿಗೆ ರಾಚುತ್ತದೆ. 'ಯಾಡಿಫ್' ಎಂಬ ಶೋಧಕವನ್ನು ಸೇರಿಸಿದರೆ ಹಲ್ಲುಗಳು ಮಾಯವಾಗುತ್ತವೆ.

ಚಂದನ ವಾಹಿನಿಯಷ್ಟೇ ಸಾಕೆನ್ನುವವರಿಗೆ ಇಷ್ಟು ಸರ್ಕಸ್ಸಿನ ಅಗತ್ಯವೂ ಇಲ್ಲ. ದೂರದರ್ಶನದ ಡಿಡಿ ಫ್ರೀ ಡಿಶ್ ಸೇವೆಯಲ್ಲಿ ಅದು ಉಚಿತವಾಗಿ ಸಿಗುತ್ತದೆ. ಜೀಸ್ಯಾಟ್-15 ಉಪಗ್ರಹದತ್ತ ಮುಖ ಮಾಡಿದ ಸಣ್ಣ ಡಿಶ್, ಲಿನಕ್ಸ್ ಬೆಂಬಲವಿರುವ ಡಿವಿಬಿ-ಎಸ್2 ಟ್ಯೂನರ್, 'ಟಿವಿಹೆಡೆಂಡ್' ಎಂಬ ಮುಕ್ತ ತಂತ್ರಾಂಶ ಇದ್ದರೆ ಬೀಗವಿಲ್ಲದ ವಾಹಿನಿಗಳು ಸೆಟ್‌ಟಾಪ್ ಬಾಕ್ಸ್‌ನ ಹಂಗಿಲ್ಲದೆ ಮನೆಯ ಜಾಲಕ್ಕೆ ಬರುತ್ತವೆ. ಚಿತ್ರವನ್ನು ಮತ್ತೊಮ್ಮೆ ಕುಗ್ಗಿಸಬೇಕಾಗಿಲ್ಲವಾದ್ದರಿಂದ ಗುಣಮಟ್ಟವೂ ಮೇಲು. ಕೆಲವು ಟ್ಯೂನರ್‌ಗಳಿಗೆ 'ಫರ್ಮ್‌ವೇರ್' ಎಂಬ ಕಡತವೊಂದನ್ನು ಲಿನಕ್ಸ್‌ನ ನಿಗದಿತ ಕಡತಕೋಶದಲ್ಲಿ ಇರಿಸಬೇಕಾಗುತ್ತದೆ. ಅದು ಇಲ್ಲದಿದ್ದರೆ ಸಾಧನ ಪತ್ತೆಯಾಗುತ್ತದೆ, ಆದರೆ ಒಂದು ವಾಹಿನಿಯೂ ಸಿಗುವುದಿಲ್ಲ.

ಮನೆಯಿಂದ ಹೊರಗೆ

ಇಷ್ಟಾದರೂ ಚಿತ್ರ ಇನ್ನೂ ನಂಜನಗೂಡಿನ ಮನೆಯಲ್ಲೇ ಇದೆ. ಅದನ್ನು ಹೊರಗೆ ಒಯ್ಯುವುದೇ ಇಂದು ನಿಜವಾದ ಸವಾಲು, ಅದೂ ವೇಗದ ಕಾರಣಕ್ಕಲ್ಲ. ಫೈಬರ್ ಸಂಪರ್ಕವಿದ್ದರೆ ಏರಿಕೆಯ ವೇಗ ಬೇಕಾದಷ್ಟಿರುತ್ತದೆ. ಒಂದೂವರೆ ಮೆಗಾಬಿಟ್ ವೇಗದಲ್ಲಿ ಒಂದು ಗಂಟೆಯ ಪ್ರಸಾರಕ್ಕೆ ತಗಲುವುದು ಸುಮಾರು 675 ಮೆಗಾಬೈಟ್.

ತೊಡಕು ವಿಳಾಸದ್ದು. ಹಿಂದೆ ಪ್ರತಿ ಮನೆಯ ಮೋಡೆಮ್‌ಗೂ ಹೊರಜಗತ್ತಿಗೆ ಕಾಣುವ ವಿಳಾಸವಿತ್ತು. ಹಳೆಯ ಸ್ಲಿಂಗ್‌ಬಾಕ್ಸ್‌ಗಾಗಿ ಮೋಡೆಮ್‌ನಲ್ಲಿ 5001ನೆಯ ದ್ವಾರವನ್ನು ತೆರೆದಿಟ್ಟರೆ ಸಾಕಾಗುತ್ತಿತ್ತು. ಈಗ ವಿಳಾಸಗಳ ಬರದಿಂದಾಗಿ ಅನೇಕ ಸೇವಾದಾರರು ನೂರಾರು ಮನೆಗಳನ್ನು ಒಂದೇ ಸಾರ್ವಜನಿಕ ವಿಳಾಸದ ಹಿಂದೆ ಇರಿಸುತ್ತಾರೆ. ವಠಾರಕ್ಕೆಲ್ಲ ಒಂದೇ ಬಾಗಿಲ ಸಂಖ್ಯೆ ಕೊಟ್ಟಂತೆ. ಒಳಗಿನವರು ಹೊರಗೆ ಹೋಗಬಹುದು, ಹೊರಗಿನ ಅಂಚೆಯವನಿಗೆ ಯಾರ ಮನೆಯೆಂದು ತಿಳಿಯದು. ಇಲ್ಲಿ ದ್ವಾರ ತೆರೆಯುವುದರಿಂದ ಪ್ರಯೋಜನವಿಲ್ಲ.

ಇದಕ್ಕೆ 'ವೈರ್‌ಗಾರ್ಡ್' ಎಂಬ ಸುರಂಗ ವ್ಯವಸ್ಥೆ ಉತ್ತಮ ಪರಿಹಾರ. 2020ರ ಮಾರ್ಚ್‌ನಲ್ಲಿ ಹೊರಬಂದ 5.6ನೆಯ ಆವೃತ್ತಿಯಿಂದ ಇದು ಲಿನಕ್ಸ್ ತಿರುಳಿನ ಭಾಗವೇ ಆಗಿದೆ. ಸಾರ್ವಜನಿಕ ವಿಳಾಸವಿರುವ ತುದಿ, ಅಂದರೆ ಬಾಡಿಗೆಯ ಪುಟ್ಟ ಸರ್ವರ್ ಅಥವಾ ಅಂಥ ವಿಳಾಸವುಳ್ಳ ಮಗನ ಮನೆ, ಕಾಯುತ್ತಿರುತ್ತದೆ. ನಂಜನಗೂಡಿನ ಗಣಕವೇ ಮೊದಲು ಹೊರಟು ಅಲ್ಲಿಗೆ ತಲುಪುತ್ತದೆ. ಒಮ್ಮೆ ಸುರಂಗ ತೆರೆದುಕೊಂಡರೆ ಚಿತ್ರ ಅದರೊಳಗೆ ಹರಿಯುತ್ತದೆ, ಹೊರಗಿನವರಿಗೆ ಕಾಣದು. ಗುಪ್ತಪದವಿಲ್ಲದೆ ದ್ವಾರವನ್ನು ಅಂತರ್ಜಾಲಕ್ಕೆ ತೆರೆದಿಡುವುದಕ್ಕಿಂತ ಇದು ಎಷ್ಟೋ ಸುರಕ್ಷಿತ.

ಮೊಬೈಲ್ ಸಿಮ್‌ನ ಸಂಪರ್ಕವನ್ನು ನಂಬಿ ಉತ್ಸವದ ದಿನ ಪ್ರಸಾರ ಮಾಡಹೊರಡುವುದು ಜಾಣತನವಲ್ಲ. ಕಾವೇರಿ, ಕಪಿಲಾ ನದಿಗಳೂ ಗುಪ್ತಗಾಮಿನಿಯೆನ್ನಲಾಗುವ ಸ್ಫಟಿಕ ಸರೋವರವೂ ಕೂಡುವ ತಿರುಮಕೂಡಲಿನಲ್ಲಿ 1989ರಿಂದ ಕುಂಭಮೇಳ ನಡೆದುಬಂದಿದೆ. 2025ರ ಫೆಬ್ರವರಿ 10ರಿಂದ 12ರವರೆಗೆ ನಡೆದುದು ತೀರ ಈಚಿನದು. ಅಷ್ಟು ಜನ ಒಂದೆಡೆ ಸೇರಿ ಎಲ್ಲರೂ ಮೊಬೈಲ್ ಎತ್ತಿ ಹಿಡಿದಾಗ ಒಂದೇ ಗೋಪುರದ ಸಾಮರ್ಥ್ಯ ಸಾವಿರಾರು ಪಾಲಾಗುತ್ತದೆ. ಮನೆಗೆ ಬರುವ ಫೈಬರ್ ತಂತಿಗೆ ಈ ಜನಜಂಗುಳಿಯ ಬಾಧೆ ತಟ್ಟುವುದು ಕಡಿಮೆ.

ಕರೆಂಟಿನ ಮಾತು ಬೇರೆ. ರಾಸ್‌ಬೆರಿ ಪೈ ಬಳಸುವವರು ತಿಳಿದಿರಬೇಕಾದ ಸಂಗತಿಯೆಂದರೆ, ವಿದ್ಯುತ್ ಥಟ್ಟನೆ ಹೋದಾಗ ಅದರ ಮೆಮೊರಿ ಕಾರ್ಡ್ ಕೆಡುವ ಸಂಭವ ಹೆಚ್ಚು. ಬ್ಯಾಟರಿ ಇನ್ನೂ ಜೀವ ಹಿಡಿದಿರುವ ಹಳೆಯ ಲ್ಯಾಪ್‌ಟಾಪ್ ಈ ದೃಷ್ಟಿಯಿಂದ ಮೇಲು. ಪ್ರಸಾರದ ಕೆಲಸವನ್ನು 'ಸಿಸ್ಟಂಡಿ'ಗೆ ಒಪ್ಪಿಸಿದರೆ ಗಣಕ ಮತ್ತೆ ಎದ್ದಾಗ ಅದೂ ತಾನಾಗಿಯೇ ಆರಂಭವಾಗುತ್ತದೆ. ವಯಸ್ಸಾದ ತಂದೆತಾಯಿಯರಿಗೆ ದೂರವಾಣಿಯಲ್ಲಿ ಆಜ್ಞೆಗಳನ್ನು ಓದಿ ಹೇಳುವ ಪ್ರಸಂಗ ತಪ್ಪುತ್ತದೆ.

ಕಾನೂನಿನ ಗೆರೆಯನ್ನೂ ಗಮನಿಸಬೇಕು. ಕೃತಿಸ್ವಾಮ್ಯ ಕಾಯಿದೆಗೆ 2012ರಲ್ಲಿ ಸೇರಿಸಲಾದ 65ಎ ಕಲಮಿನ ಪ್ರಕಾರ, ಹಕ್ಕು ಉಲ್ಲಂಘಿಸುವ ಉದ್ದೇಶದಿಂದ ರಕ್ಷಣಾ ಬೀಗವನ್ನು ಮುರಿಯುವುದು ಎರಡು ವರ್ಷಗಳವರೆಗೆ ಸೆರೆವಾಸ ಮತ್ತು ದಂಡಕ್ಕೆ ಗುರಿಪಡಿಸುವ ಅಪರಾಧ. ತನ್ನ ಮನೆಯ, ತಾನು ಹಣ ತೆತ್ತ ಸಂಪರ್ಕವನ್ನು ತಾನೊಬ್ಬನೇ ದೂರದಿಂದ ನೋಡುವುದು ಒಂದು. ಅದನ್ನೇ ಗೆಳೆಯರ ಬಳಗಕ್ಕೆಲ್ಲ ಹಂಚುವುದು, ಹಣಕ್ಕೆ ಕೊಡುವುದು ಮತ್ತೊಂದು. ಎರಡನೆಯದಕ್ಕೆ ಲಿನಕ್ಸ್ ಆಗಲಿ ವಿಂಡೋಸ್ ಆಗಲಿ ರಕ್ಷಣೆ ನೀಡದು.

ಮೈಸೂರಿನ ಮಟ್ಟಿಗೆ ಮನೆಯಿಂದಲೇ ಪ್ರಸಾರ ಮಾಡುವ ಹವ್ಯಾಸ ಹೊಸದೇನಲ್ಲ. ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಲ್ಲೇ ಪುಟ್ಟ ಬಾನುಲಿ ಕೇಂದ್ರ ತೆರೆದರು. 'ಆಕಾಶವಾಣಿ' ಎಂಬ ಹೆಸರು ಬಾನುಲಿಗೆ ಅಂಟಿಕೊಂಡುದು ಅಲ್ಲಿಂದಲೇ.

ಮುಂದಿನ ದೊಡ್ಡ ಜಾತ್ರೆಗೆ ಸಿದ್ಧತೆ ಮಾಡಿಕೊಳ್ಳುವವರು ಒಂದು ಲೆಕ್ಕವನ್ನು ಮೊದಲೇ ಹಾಕಿಕೊಳ್ಳಬೇಕು. ರಥೋತ್ಸವ ಆರಂಭವಾಗುವುದು ಬೆಳಗಿನ ಜಾವದಲ್ಲಿ. ಆ ಋತುವಿನಲ್ಲಿ ನಮಗೂ ನ್ಯೂಜೆರ್ಸಿಗೂ ಒಂಬತ್ತೂವರೆ ಗಂಟೆಯ ಅಂತರ. ನಂಜನಗೂಡಿನಲ್ಲಿ ಬೆಳಿಗ್ಗೆ ಆರೂವರೆಯಾದಾಗ ಅಲ್ಲಿ ಹಿಂದಿನ ದಿನದ ರಾತ್ರಿ ಒಂಬತ್ತು. ವಾರಕ್ಕೆ ಮೊದಲೇ, ಅದೇ ಹೊತ್ತಿನಲ್ಲಿ, ಎರಡೂ ತುದಿಗಳಲ್ಲಿ ಒಬ್ಬೊಬ್ಬರು ಕುಳಿತು ಒಮ್ಮೆ ಪರೀಕ್ಷಿಸಿ ನೋಡುವುದು ಒಳ್ಳೆಯದು.